ಮೂರು ವರ್ಷ, 58 ಎಂಟ್ರಿ, ಒಂದೇ ಜೋಡಿ ಶೂ: ಈ ರಾಫಲ್ ಆ್ಯಪ್ ಬಗ್ಗೆ ದಾವಣಗೆರೆಯಿಂದ ಒಂದು ರಿವ್ಯೂ

ರೇಟಿಂಗ್: 5ಕ್ಕೆ 2.5

2022ರ ಆಗಸ್ಟ್‌ನಿಂದ ಈ ಆ್ಯಪ್ ನನ್ನ ಫೋನಲ್ಲೈತೆ. ಲಿಮಿಟೆಡ್ ಸ್ನೀಕರ್ ಬಂದಾಗೆಲ್ಲ, ನೈಕ್‌ನ ಜೋರ್ಡನ್ 1 ಇರ್ಲಿ, ಡಂಕ್ ಇರ್ಲಿ, ಎರಡು ಬ್ರ್ಯಾಂಡ್ ಸೇರಿ ತಂದ ಯಾವ್ದಾದ್ರೂ ಕೊಲ್ಯಾಬ್ ಇರ್ಲಿ, ಇದ್ರಲ್ಲಿ ರಾಫಲ್‌ಗೆ, ಅಂದ್ರೆ ಚೀಟಿ ಎತ್ತೋ ಥರದ ಡ್ರಾಗೆ, ಹೆಸ್ರು ಹಾಕ್ತೀನಿ, ಗೆದ್ರೆ ಎಂಆರ್‌ಪಿಗೆ ಶೂ ತಗೊಳ್ಳೋ ಅವಕಾಶ, ಇಲ್ಲಾಂದ್ರೆ ಮುಂದಿನ ಸಲ. ನಾನು ಮಂಡಿಪೇಟೇಲಿ ಒಂದು ಹೋಲ್‌ಸೇಲ್ ಅಂಗಡೀಲಿ ಲೆಕ್ಕ ಬರಿಯೋನು, ಆ ಅಭ್ಯಾಸದಿಂದ ಹಾಕಿದ ಪ್ರತಿ ಎಂಟ್ರೀನೂ ಒಂದು ನೋಟ್‌ಬುಕ್ಕಲ್ಲಿ ಬರ್ದಿಟ್ಟಿದೀನಿ, ತಾರೀಖು, ಶೂ, ಸೈಜು, ರಿಸಲ್ಟ್. ಅವ್ರೇ ಕ್ಯಾನ್ಸಲ್ ಮಾಡಿದ್ದು ಒಂದನ್ನ ಬಿಟ್ರೆ ಇವತ್ತಿಗೆ 58 ಎಂಟ್ರಿ, ಗೆದ್ದಿದ್ದು ಒಂದು.

ಒಳ್ಳೇದು ಮೊದ್ಲು ಹೇಳ್ಬಿಡ್ತೀನಿ. ಶೂ ಒರಿಜಿನಲ್ಲೇ ಬರುತ್ತೆ, ಡಬ್ಬಿ ಜಜ್ಜಿರಲ್ಲ, ಆ್ಯಪ್ ಹ್ಯಾಂಗ್ ಆಗಲ್ಲ, ಸೋತಾಗ ದುಡ್ಡು ವಾಪಸ್ ಬರ್ದೇ ಇದ್ದಿದ್ದು ಒಂದ್ಸಲಾನೂ ಇಲ್ಲ. ಇಷ್ಟಕ್ಕೇ ಎರಡೂವರೆ ಕೊಟ್ಟಿರೋದು.

ಈಗ ವಿಷಯಕ್ಕೆ ಬರ್ತೀನಿ. ಎಲ್ರೂ ಕೇಳೋದು ಒಂದೇ, "ಇದು ಫಿಕ್ಸ್ ಅಲ್ವಾ?" ಅಂತ. ಮೊದಮೊದ್ಲು ನಾನೂ ಹಂಗೇ ಅನ್ಕೊಂಡಿದ್ದೆ, ಈಗ ಹಂಗನ್ನಲ್ಲ, ಯಾಕಂದ್ರೆ ಕೂತು ಲೆಕ್ಕ ಹಾಕಿದೆ. ಒಂದೊಂದು ಡ್ರಾದಲ್ಲೂ ಗೆಲ್ಲೋ ಚಾನ್ಸ್ ನೂರಕ್ಕೆ ಒಂದು ಅಂತ ಇಟ್ಕೊಳ್ಳಿ, ದೊಡ್ಡ ರಿಲೀಸ್‌ಗಳಲ್ಲಿ ಅಷ್ಟೂ ಇರಲ್ಲ ಅಂತ ನನ್ನ ಅನಿಸಿಕೆ, ಆದ್ರೂ ಇಟ್ಕೊಳ್ಳಿ. 58 ಸಲ ಹಾಕಿದ್ಮೇಲೂ ಒಂದೂ ಗೆಲ್ದೇ ಇರೋ ಸಾಧ್ಯತೆ ಶೇಕಡಾ 56ರ ಹತ್ರ ಬರುತ್ತೆ, ಅಂದ್ರೆ ಪೂರ್ತಿ ಪ್ರಾಮಾಣಿಕವಾಗಿ ನಡೆದ್ರೂ ಅರ್ಧಕ್ಕಿಂತ ಜಾಸ್ತಿ ಜನ ಮೂರು ವರ್ಷ ಬರಿಗೈಲಿ ಇರ್ತಾರೆ. ಹಂಗಾಗಿ ಸೋತಿದ್ದೇ ಮೋಸಕ್ಕೆ ಸಾಕ್ಷಿ ಅನ್ನೋದು ತಪ್ಪು. ಆದ್ರೆ ಅದೇ ಲೆಕ್ಕಾನ ಹತ್ತು ಅಕೌಂಟ್ ಇಟ್ಕೊಂಡಿರೋನಿಗೆ ಹಾಕಿ ನೋಡಿ. ಅವನಿಗೆ 580 ಚಾನ್ಸು, ಒಂದಾದ್ರೂ ಗೆಲ್ಲೋ ಸಾಧ್ಯತೆ ಶೇಕಡಾ 99 ದಾಟುತ್ತೆ, ಸರಾಸರಿ ಐದಾರು ಜೋಡಿ ಸಿಗುತ್ತೆ. ಡ್ರಾ ಅದೇ, ಕಂಪ್ಯೂಟರ್ ಯಾರಿಗೂ ಮೋಸ ಮಾಡಿಲ್ಲ. ತೊಂದ್ರೆ ಇರೋದು ಚೀಟಿ ಎತ್ತೋ ಕೈಯಲ್ಲಲ್ಲ, ಡಬ್ಬಿ ಒಳಗೆ ಯಾರ ಚೀಟಿ ಎಷ್ಟು ಬಿತ್ತು ಅನ್ನೋದ್ರಲ್ಲಿ.

ಹತ್ತು ಅಕೌಂಟ್ ಹೆಂಗೆ ಅಂತ ಕೇಳ್ಬಹುದು. ಜಿಮೇಲ್ ಐಡಿ ಮಧ್ಯೆ ಎಲ್ಲಿ ಚುಕ್ಕೆ ಇಟ್ರೂ ಮೇಲ್ ಒಂದೇ ಇನ್‌ಬಾಕ್ಸಿಗೆ ಬರುತ್ತೆ, ಆದ್ರೆ ಎಷ್ಟೋ ಆ್ಯಪ್‌ಗಳು ಅದನ್ನ ಬೇರೆ ಬೇರೆ ಮನುಷ್ಯರು ಅಂತ ಎಣಿಸ್ತವೆ. ಅಡ್ರೆಸ್ಸೂ ಅಷ್ಟೇ, ಒಂದೇ ಮನೇನ ಒಂದು ಕಡೆ "3ನೇ ಕ್ರಾಸ್", ಇನ್ನೊಂದು ಕಡೆ "ಮೂರನೇ ತಿರುವು, ದೇವಸ್ಥಾನದ ಹಿಂದೆ" ಅಂತ ಬರೆದ್ರೆ ಆಯ್ತು, ಕೊರಿಯರ್ ಹುಡುಗನಿಗೆ ಎರಡೂ ಗೊತ್ತಾಗುತ್ತೆ, ಕಂಪ್ಯೂಟರ್‌ಗೆ ಗೊತ್ತಾಗಲ್ಲ. ನಮ್ಮೂರ ಹೆಸ್ರನ್ನೇ ಇಂಗ್ಲಿಷಲ್ಲಿ ಎರಡು ಥರ ಬರೀತಾರಲ್ಲ. ಇನ್ನು ದೊಡ್ಡ ಮಟ್ಟದಲ್ಲಿ ಮಾಡೋರು ತಾನಾಗೇ ಫಾರ್ಮ್ ತುಂಬೋ ಬಾಟ್ ಪ್ರೋಗ್ರಾಂ ಇಟ್ಟು, ಬೇರೆ ಬೇರೆ ಕಡೆಯಿಂದ ಬಂದಂಗೆ ತೋರಿಸೋ ಪ್ರಾಕ್ಸಿ ಹಾಕಿ, ನೂರಾರು ಎಂಟ್ರಿ ತುಂಬ್ತಾರೆ. ಇದು ಕಂಪನಿಗಳಿಗೆ ಗೊತ್ತಿಲ್ದೇ ಇರೋ ವಿಷಯ ಏನಲ್ಲ, 2022ರ ಅಕ್ಟೋಬರಲ್ಲಿ ನೈಕ್ ತನ್ನ ಮಾರಾಟದ ಷರತ್ತಲ್ಲೇ ಬಾಟ್ ಬಳಸಿ ಮಾಡಿದ ಆರ್ಡರ್ ಕ್ಯಾನ್ಸಲ್ ಮಾಡೋ ಹಕ್ಕು ನಮಗೈತೆ ಅಂತ ಸೇರಿಸ್ತು.

ಈ ಆ್ಯಪ್ ಇದಕ್ಕೆ ಏನು ಮಾಡ್ತು ಅಂದ್ರೆ, ಹೋದ ವರ್ಷ ಒಂದು ಡುಪ್ಲಿಕೇಟ್ ಫಿಲ್ಟರ್ ತಂತು. ಒಳ್ಳೇದೇ ಅನ್ಕೊಂಡೆ. ಮೊದಲ ಏಟು ಬಿದ್ದಿದ್ದು ನಮ್ಮನೆಗೆ. ನಂದು ಶೂ ಸೈಜು ಯುಕೆ 8, ನನ್ನ ತಮ್ಮಂದು ಯುಕೆ 9, ಇಬ್ರೂ ನಿಟುವಳ್ಳೀಲಿ ಒಂದೇ ಮನೇಲಿರೋದು, ಒಂದೇ ವೈಫೈ, ಅಡ್ರೆಸ್ಸನ್ನ ಇಬ್ರೂ ನೆಟ್ಟಗೆ ಒಂದೇ ಥರ ಬರ್ದಿದ್ವಿ. ಇಬ್ರದ್ದೂ ಕ್ಯಾನ್ಸಲ್. "ನಿಯಮ ಉಲ್ಲಂಘನೆ" ಅಂತ ಕೆಂಪಕ್ಷರದಲ್ಲಿ ಬಂತು. ಇಬ್ರ ಆಧಾರ್ ಕಳಿಸ್ತೀವಿ, ನೋಡ್ಕೊಳ್ಳಿ ಅಂತ ಮೇಲ್ ಹಾಕಿದೆ, ಆರು ದಿನ ಆದ್ಮೇಲೆ ಒಂದು ರೆಡಿಮೇಡ್ ಉತ್ತರ ಬಂತು, ಅಷ್ಟೊತ್ತಿಗೆ ಡ್ರಾ ಮುಗಿದು ಅದೇ ಶೂ ಇನ್‌ಸ್ಟಾಗ್ರಾಮಲ್ಲಿ ಡಬಲ್ ರೇಟಿಗೆ ಬಂದಾಗಿತ್ತು. ಅಡ್ರೆಸ್ ತಿರುಚಿ ಬರೆದೋರು ಪಾಸ್, ನಿಜ ಬರೆದ ಅಣ್ಣ ತಮ್ಮಂದಿರು ಫೇಲ್. ತಮ್ಮ ಅವತ್ತು ರಾತ್ರಿ ಊಟಕ್ಕೆ ಕೂತಾಗ "ನಾವೂ ಚುಕ್ಕೆ ಇಟ್ಟು ಹಾಕೋಣ್ವಾ ಅಣ್ಣ" ಅಂದ, ಬೇಡ ಅಂದೆ, ಆದ್ರೆ ಅವನು ಕೇಳಿದ್ದರಲ್ಲಿ ತಪ್ಪೇನಿದೆ ಅಂತ ಹೇಳೋಕೆ ನನ್ನತ್ರ ಉತ್ತರ ಇರ್ಲಿಲ್ಲ.

ಗೆದ್ದ ಕಥೇನೂ ಹೇಳ್ಬೇಕು. 2023ರ ನವೆಂಬರ್, ಬೆಂಗಳೂರಿನ ಸ್ಟೋರಲ್ಲೇ ಬಂದು ತಗೊಳ್ಳೋ ರಾಫಲ್, ಶನಿವಾರ ಭಾನುವಾರ ಎರಡೇ ದಿನ ಟೈಮು, ಒರಿಜಿನಲ್ ಐಡಿ ಕಡ್ಡಾಯ. ನಮ್ಮೂರಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಅಂಗಡೀಲಿ ರಜೆ ಕೇಳಿ, ಬೆಳಗಿನ ಜಾವದ ಬಸ್ಸಿಗೆ ಹೋದೆ. ಕ್ಯೂನಲ್ಲಿ ನನ್ನ ಮುಂದೆ ಆರು ಜನ ಕಾಲೇಜ್ ಹುಡುಗರು, ಎಲ್ರ ಕೈಲೂ ಆಧಾರ್ ಕಾರ್ಡು, ಆದ್ರೆ ಶೂ ಬಗ್ಗೆ ಒಬ್ಬನೂ ಮಾತಾಡ್ತಿಲ್ಲ, ಅದೇ ನಂಗೆ ವಿಚಿತ್ರ ಅನ್ಸಿದ್ದು, ಯಾಕಂದ್ರೆ ಅಂಥ ಕ್ಯೂನಲ್ಲಿ ನಿಂತೋರು ಬೇರೆ ಏನೂ ಮಾತಾಡಲ್ಲ. ಒಬ್ಬನನ್ನ ಯಾವ ಸೈಜಪ್ಪಾ ಅಂತ ಕೇಳಿದೆ, ಫೋನ್ ತೆಗೆದು ನೋಡಿ "ಹತ್ತು ಅಂತ ಐತೆ ಅಣ್ಣ" ಅಂದ. ಅವನ ಕಾಲಲ್ಲಿದ್ದ ಚಪ್ಪಲಿ ಏಳು ದಾಟಲ್ಲ. ಶೂ ತಗೊಂಡು ಹೊರಗೆ ಬಂದಾಗ ನೋಡಿದೆ, ಫುಟ್‌ಪಾತಲ್ಲಿ ಒಬ್ರು ದೊಡ್ಡ ಚೀಲ ಹಿಡ್ಕೊಂಡು ನಿಂತಿದ್ರು, ಹುಡುಗರು ಒಬ್ಬೊಬ್ರಾಗಿ ಡಬ್ಬಿ ಅದಕ್ಕೆ ಹಾಕಿ, ಒಂದೊಂದು ಐನೂರರ ನೋಟು ಈಸ್ಕೊಂಡು ಮೆಟ್ರೋ ಕಡೆ ನಡೆದ್ರು. ಹುಡುಗರ ಮೇಲೆ ನಂಗೆ ಸಿಟ್ಟಿಲ್ಲ, ಅವ್ರಿಗೆ ಅದು ಒಂದು ದಿನದ ಖರ್ಚಿನ ದುಡ್ಡು. ಆದ್ರೆ ಆರು ಜೋಡಿ ಆರು ಜನಕ್ಕೆ ಹೋಯ್ತು ಅಂತ ಆ್ಯಪ್‌ನ ಲೆಕ್ಕದಲ್ಲಿ ಬಿದ್ದಿರುತ್ತೆ, ಹೋಗಿದ್ದು ಒಂದೇ ಚೀಲಕ್ಕೆ. ಐಡಿ ಚೆಕ್ ಮಾಡಿದ ತಕ್ಷಣ ನ್ಯಾಯ ಆಗ್ಬಿಡುತ್ತೆ ಅನ್ನೋ ನಂಬಿಕೆ ಅವತ್ತು ಹೋಯ್ತು. ಅದ್ರ ಜೊತೆಗೆ, ಸ್ಟೋರ್ ಪಿಕಪ್ ಅಂದ್ರೆ ದಾವಣಗೆರೆ, ಚಿತ್ರದುರ್ಗ, ಹರಿಹರದಲ್ಲಿರೋನಿಗೆ ಬಸ್ ಚಾರ್ಜು, ಊಟ, ಒಂದು ದಿನದ ಸಂಬಳ ಎಲ್ಲ ಸೇರಿ ಶೂ ರೇಟು ಏರಿದ ಹಾಗೇನೇ.

ದುಡ್ಡು ಮೊದ್ಲೇ ಹಿಡಿಯೋದೂ ಒಂದು ತೊಂದ್ರೆ. ಡ್ರಾಗೆ ಮುಂಚೆ ಪೂರ್ತಿ ರೇಟು ಕಟ್ ಆಗುತ್ತೆ, ಜೋರ್ಡನ್ 1 ಹೈ ಅಂದ್ರೆ ಹದಿನೇಳು ಸಾವಿರದ ಹತ್ರ. ವಾಪಸ್ ಬರೋಕೆ ಐದರಿಂದ ಏಳು ವರ್ಕಿಂಗ್ ಡೇಸ್ ಅಂತಾರೆ, ನಂಗೆ ಒಂದ್ಸಲ ಹನ್ನೊಂದು ದಿನ ಆಗಿ ಗಾಡಿ ಇಎಂಐ ಬೌನ್ಸ್ ಆಯ್ತು. ದುಡ್ಡು ಮೊದ್ಲೇ ಕಟ್ಟಿಸಿಕೊಂಡ್ರೆ ಸುಮ್ಸುಮ್ನೆ ಹಾಕೋರು ಕಮ್ಮಿ ಆಗ್ತಾರೆ ಅನ್ನೋದು ಅವ್ರ ವಾದ. ಆದ್ರೆ ಹತ್ತು ಅಕೌಂಟಿಗೆ ಸೇರಿ ಒಂದು ಲಕ್ಷದ ಎಪ್ಪತ್ತು ಸಾವಿರದ ಹತ್ರ ಹತ್ತು ದಿನ ಸುಮ್ನೆ ಇಟ್ಟಿರೋ ತಾಕತ್ತಿರೋದು ಯಾರಿಗೆ, ವ್ಯಾಪಾರಕ್ಕೆ ತಗೊಳ್ಳೋನಿಗಾ, ಹಾಕ್ಕೊಳ್ಳೋಕೆ ತಗೊಳ್ಳೋನಿಗಾ? ಸಂಬಳದೋನು ಒಂದು ಎಂಟ್ರಿಗೇ ಸುಸ್ತಾಗ್ತಾನೆ.

ನಮ್ಮಮ್ಮ ಇಪ್ಪತ್ತು ಜನದ ಚೀಟಿ ನಡೆಸ್ತಾರೆ, ಪ್ರತಿ ತಿಂಗಳು ಹತ್ತನೇ ತಾರೀಖು ಸಂಜೆ ನಮ್ಮನೆ ಹಾಲಲ್ಲೇ ಎತ್ತೋದು. ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿ ಹೆಸ್ರು ಬರೆದು, ಒಂದೊಂದನ್ನೂ ಜೋರಾಗಿ ಓದಿ, ಮಡಚಿ ಸ್ಟೀಲ್ ಡಬ್ಬಿಗೆ ಹಾಕ್ತಾರೆ, ಪಕ್ಕದ ಮನೆ ಪಾಪು ಕೈಲಿ ಎತ್ತಿಸ್ತಾರೆ. ಒಂದ್ಸಲ ಒಂದು ಚೀಟಿ ಸ್ವಲ್ಪ ದಪ್ಪ ಮಡಚಿತ್ತು, ಎದುರು ಮನೆ ಅತ್ತೆ ನೋಡಿ "ತಡಿ ಅಕ್ಕ, ಅದು ಕೈಗೆ ಬೇರೆ ಹತ್ತತಿ" ಅಂದ್ರು, ಅಮ್ಮ ಒಂದು ಮಾತೂ ಆಡ್ದೆ ಅಷ್ಟೂ ಚೀಟಿ ಬಿಚ್ಚಿ ಮತ್ತೆ ಮಡಚಿದ್ರು. ಒಂದ್ಸಲ ಎತ್ತಿದೋರ ಹೆಸ್ರು ಮುಂದಿನ ತಿಂಗಳು ಡಬ್ಬಿಗೆ ಬೀಳಲ್ಲ, ಹಂಗಾಗಿ ಸೋತೋರ ಚಾನ್ಸು ತಿಂಗಳು ತಿಂಗಳು ಏರ್ತಾ ಹೋಗುತ್ತೆ. ಈ ಆ್ಯಪಲ್ಲಿ ನಾನು 58 ಸಲ ಹಾಕಿದ್ರೂ ನಿನ್ನೆ ಡೌನ್‌ಲೋಡ್ ಮಾಡಿದೋನಿಗೂ ನಂಗೂ ಒಂದೇ ಚಾನ್ಸು, ಹೋದ ವಾರ ಗೆದ್ದೋನಿಗೂ ಅದೇ ಚಾನ್ಸು. ಯುಕೆ 8ರಲ್ಲಿ ಎಷ್ಟು ಜೋಡಿ ಇದ್ವು, ಎಷ್ಟು ಜನ ಹಾಕಿದ್ರು, ಎಷ್ಟು ಕ್ಯಾನ್ಸಲ್ ಆಯ್ತು, ಒಂದೂ ಹೇಳಲ್ಲ. ಎರಡು ಸಲ ಕೇಳಿದೀನಿ, "ಗೌಪ್ಯ ಮಾಹಿತಿ" ಅಂದ್ರು. ಜನರ ಹೆಸ್ರು ಗೌಪ್ಯ ಇರ್ಲಿ, ಒಪ್ತೀನಿ, ಜೋಡಿಗಳ ಸಂಖ್ಯೆ ಯಾಕೆ ಗೌಪ್ಯ?

ಇದನ್ನ ಸರಿ ಮಾಡೋಕಾಗಲ್ಲ ಅನ್ನೋರಿಗೆ ಅಮೆರಿಕದಲ್ಲಿ ಕೆಲ್ಸ ಮಾಡೋಕೆ ಕೊಡೋ ಎಚ್-1ಬಿ ವೀಸಾ ಲಾಟರಿ ನೋಡಿ ಅಂತ ಹೇಳ್ತೀನಿ, ನಮ್ಮೂರಲ್ಲೂ ಅದಕ್ಕೆ ಕಾದು ಕೂತ ಮನೆಗಳು ಕಮ್ಮಿ ಇಲ್ಲ. ಅಲ್ಲೂ ಒಬ್ಬನೇ ಮನುಷ್ಯನ ಹೆಸ್ರಲ್ಲಿ ನಾಲ್ಕೈದು ಕಂಪನಿ ಅರ್ಜಿ ಹಾಕಿ ಚಾನ್ಸ್ ಹೆಚ್ಚಿಸ್ಕೊಳ್ತಿದ್ರು. 2024ರ ಮಾರ್ಚಿಂದ ಅರ್ಜಿ ಎಣಿಸೋದು ಬಿಟ್ಟು ಪಾಸ್‌ಪೋರ್ಟ್ ಹಿಡಿದು ಮನುಷ್ಯನನ್ನ ಎಣಿಸೋಕೆ ಶುರು ಮಾಡಿದ್ರು, ಎಷ್ಟೇ ಅರ್ಜಿ ಇದ್ರೂ ಆ ವರ್ಷದ ಡ್ರಾದಲ್ಲಿ ಹೆಸ್ರು ಬಿದ್ದಿದ್ದು ಒಂದೇ ಸಲ. ಹಿಂದಿನ ವರ್ಷ 7.59 ಲಕ್ಷ ಇದ್ದ ಅರ್ಹ ಅರ್ಜಿಗಳು ಆ ವರ್ಷ 4.70 ಲಕ್ಷಕ್ಕೆ ಇಳಿದ್ವು. ಎಷ್ಟು ಅರ್ಜಿ ಬಂತು ಅಂತ ಅವ್ರೇ ಪ್ರಕಟಿಸಿದ್ರು, ಅದಕ್ಕೇ ನಿಯಮ ಕೆಲ್ಸ ಮಾಡ್ತೋ ಇಲ್ವೋ ಅಂತ ದಾವಣಗೆರೇಲಿ ಕೂತಿರೋ ನಂಗೂ ಗೊತ್ತಾಗ್ತಾ ಐತೆ. ನೂರು ಜೋಡಿ ಶೂ ಮಾರೋರಿಗೆ ಸೈಜ್‌ವಾರು ಒಂದು ಟೇಬಲ್ ಹಾಕೋದು ಕಷ್ಟದ ಕೆಲ್ಸ ಅಂತ ನಾನು ಒಪ್ಪಲ್ಲ, ನಮ್ಮ ಅಂಗಡೀಲಿ ಅದಕ್ಕಿಂತ ದೊಡ್ಡ ಲೆಕ್ಕ ದಿನಾ ಸಂಜೆ ಆರೂವರೆಗೆ ಮುಗಿಸ್ತೀನಿ. ಇನ್ನೊಂದು, ಹತ್ತು ಸಲ ಸೋತ ಅಕೌಂಟ್‌ಗೆ ಒಂದು ಚೀಟಿ ಜಾಸ್ತಿ ಹಾಕ್ಲಿ, ಗೆದ್ದೋನು ಮೂರು ತಿಂಗಳು ಹೊರಗಿರ್ಲಿ. ನಾನು ಗೆದ್ದಾಗ ನನ್ನನ್ನೂ ಹೊರಗಿಡ್ಲಿ, ಬೇಜಾರಿಲ್ಲ.

ನಮ್ಮ ಕಡೆಯೋರಿಗೆ ಗೊತ್ತಿರ್ಲಿ ಅಂತ ಹೇಳ್ತೀನಿ. ಡೆಲಿವರಿ ಇರೋ ರಾಫಲ್‌ಗೇ ಹಾಕಿ, ಪಿಕಪ್ ಬೇಡ. ಮನೇಲಿ ಇಬ್ರು ಹಾಕೋದಾದ್ರೆ ಒಂದೇ ವೈಫೈ ಬೇಡ. ಇಎಂಐ ತಾರೀಖಿನ ಹಿಂದೆ ಮುಂದೆ ಇರೋ ಡ್ರಾ ಬಿಟ್ಬಿಡಿ. ಎಂಟ್ರಿ ಹಾಕಿದ ತಕ್ಷಣ ಸ್ಕ್ರೀನ್‌ಶಾಟ್ ತಗೊಳ್ಳಿ, ಕ್ಯಾನ್ಸಲ್ ಆದ್ರೆ ಆ್ಯಪಲ್ಲಿ ಹಳೇದು ಕಾಣಲ್ಲ.

ಗೆದ್ದ ಆ ಜೋಡಿ ಇನ್ನೂ ಹಾಕ್ಕೊಳ್ತಾ ಇದೀನಿ. ಹಿಮ್ಮಡಿ ಹತ್ರ ಲೆದರ್ ಮಡಿಕೆ ಬಿದ್ದೈತೆ, ಸೋಲ್ ಬಿಳಿ ಹೋಗಿ ಕೆನೆ ಬಣ್ಣಕ್ಕೆ ಬಂದೈತೆ, ಮೂವತ್ತೆಂಟು ಸಾವಿರಕ್ಕೆ ಕೇಳಿದ್ರು, ಕೊಡ್ಲಿಲ್ಲ. ಬರೋ ಶನಿವಾರದ ಡ್ರಾಗೆ ನಂದು ವೈಫೈಲಿ, ತಮ್ಮಂದು ಅವನ ಫೋನ್ ಡೇಟಾದಲ್ಲಿ ಹಾಕಿದೀವಿ, ಇಬ್ರದ್ದೂ ಅಡ್ರೆಸ್ ಇದ್ದಂಗೇ ಬರ್ದಿದೀವಿ. ಈ ಸಲಾನೂ ಕ್ಯಾನ್ಸಲ್ ಆದ್ರೆ ಇದ್ರ ಕೆಳಗೇ ಸ್ಕ್ರೀನ್‌ಶಾಟ್ ಸಮೇತ ಹಾಕ್ತೀನಿ.