ಬೆಂಕಿಗೂಡಿಗೆ ಯಾವುದು ಸರಿ: ಚಿತ್ತಾರವೋ, ಕಾವಿಯೋ, ಅಕ್ರಿಲಿಕ್ಕೋ?

ಶಿರಸಿ ಕಡೆಯ ಹಳೇ ಮನೆಗಳಲ್ಲಿ ಬೆಂಕಿಗೆ ಜಾಗ ಅಂದರೆ ಅಡುಗೆಮನೆ ಮತ್ತು ಬಚ್ಚಲು. ಹೋಮ್‌ಸ್ಟೇಗಳು ಶುರುವಾದ ಮೇಲೆ ಜಗಲಿಯಲ್ಲೂ ಹೊಗೆ ಕೊಳವೆ ಇರುವ ಬೆಂಕಿಗೂಡು ಕಟ್ಟಿಸುತ್ತಿದ್ದಾರೆ. ನಾವೂ ಕಟ್ಟಿಸಿದೆವು. ಆಷಾಢದ ಮಳೆಗೆ ಬಟ್ಟೆ ಒಣಗದೆ, ಗೋಡೆಯೆಲ್ಲ ಥಂಡಿ ಹಿಡಿದಿರುವಾಗ ಅದರ ಮುಂದೆ ಕೂತು ಕೈ ಕಾಯಿಸುವ ಸುಖ ಬೇರೆಯೇ. ಚಿರೇಕಲ್ಲಿನ ಗೂಡು, ಎದೆಮಟ್ಟಕ್ಕೆ ಹಲಸಿನ ಹಲಗೆ, ಅದರ ಮೇಲೆ ಮಾಡಿನವರೆಗೆ ಗೋಡೆ, ಕೆಳಗೆ ಮುಂದಿನ ಕಟ್ಟೆ. ಇದು ನಮ್ಮ ಸೀಮೆಯ ಮನೆಯದ್ದೇ ಅನ್ನಿಸುವ ಹಾಗೆ ಸಿಂಗರಿಸಬೇಕು ಅಂತ ಆಸೆ. ಮೂರು ಬಗೆಯನ್ನೂ ಇದೇ ಗೂಡಿನ ಮೇಲೆ ಮಾಡಿಸಿ, ಮಳೆಗಾಲ ದಾಟಿಸಿ ನೋಡಿದ್ದೇನೆ.

ಅಕ್ರಿಲಿಕ್ಕಿನ ಮಾತು ಬೇಗ ಮುಗಿಯುತ್ತದೆ. ಬಣ್ಣದ ಅಂಗಡಿಯಲ್ಲಿ ಸಿಗುತ್ತದೆ, ಒಂದೇ ದಿನದಲ್ಲಿ ಕೆಲಸ ಆಗುತ್ತದೆ, ಗೆರೆ ಚೂಪಾಗಿ ಬರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಆದರೆ ಗೂಡಿನ ಬಾಯಿ ಹತ್ತಿರ ಅದು ನಿಲ್ಲೋದಿಲ್ಲ. ಬಿಸಿಗೆ ಮೆತ್ತಗಾಗಿ ಗುಳ್ಳೆ ಏಳುತ್ತದೆ, ವಾಸನೆಯೂ ಬರುತ್ತದೆ. ಮೇಲಿನ ಗೋಡೆಯಲ್ಲಿ ಬೇರೆ ತೊಂದರೆ. ಚಿರೇಕಲ್ಲು ಮಳೆಗಾಲದಲ್ಲಿ ನೀರು ಕುಡಿಯುವ ಕಲ್ಲು. ಒಳಗಿನ ತೇವ ಹೊರಗೆ ಬರೋಕೆ ಈ ಬಣ್ಣದ ಪದರ ಬಿಡೋದಿಲ್ಲ. ಕೊನೆಗೆ ಪದರವೇ ಸಿಪ್ಪೆಯಾಗಿ ಏಳುತ್ತದೆ. ಬೆಂಕಿಯಿಂದ ದೂರ ತೂಗುಹಾಕುವ ಹಲಗೆಗಾದರೆ ಅಕ್ರಿಲಿಕ್ ಧಾರಾಳವಾಗಿ ಬಳಸಿ. ಗೂಡಿಗೆ ಬೇಡ.

ಚಿತ್ತಾರ ನಮ್ಮ ಕಡೆಯ ದೀವರ ಸಮುದಾಯದ ಹೆಂಗಸರ ಕಲೆ. ಸಿದ್ದಾಪುರ, ಸಾಗರ, ಸೊರಬದ ಕಡೆ ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವವರು ಇವರು. ಕೆಮ್ಮಣ್ಣು ಬಳಿದ ನೆಲೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ನಮ್ಮನೆಗೆ ಬಂದ ಅಕ್ಕ ಅಳತೆಪಟ್ಟಿ ಮುಟ್ಟಲಿಲ್ಲ. ನಾರನ್ನು ಬಿಳಿಯಲ್ಲಿ ಅದ್ದಿ, ಅಂಚಿಗೆ ತಾಗಿಸಿ ಹೆಚ್ಚಿದ್ದನ್ನು ಇಳಿಸಿ, ಉಸಿರು ಹಿಡಿದು ಒಂದು ಎಳೆ ಎಳೆಯುತ್ತಿದ್ದರು. ಅದರ ಪಕ್ಕಕ್ಕೇ ಇನ್ನೊಂದು. ಎರಡು ಎಳೆಗಳ ನಡುವೆ ಕೆಂಪು ಒಂದೇ ಸಮ ಕಾಣುತ್ತಿತ್ತು. ಇಷ್ಟು ಚೆಂದದ ಕೆಲಸ ಉಳಿದೆರಡರಲ್ಲಿ ನನಗೆ ಕಾಣಲಿಲ್ಲ. ಸಂಜೆ ಬೆಂಕಿ ಹಚ್ಚಿದಾಗ ಆ ಬಿಳಿ ಎಳೆಗಳು ಎದ್ದು ಬರುತ್ತವೆ.

ಬಾಳಿಕೆ ಮಾತ್ರ ಕಡಿಮೆ. ಅಕ್ಕಿ ಹಿಟ್ಟು ಬೂಸು ಹಿಡಿಯುತ್ತದೆ, ಜಿರಳೆ ಕೆರೆಯುತ್ತದೆ. ಬೆಂಕಿಯ ಬಾಯಿ ಹತ್ತಿರ ಬಿಳಿ ಕಂದಾಗುತ್ತದೆ. ಗುರಿಗೆಯ ಹಳದಿ ಬೆಳಕಿಗೆ ಮಾಸುತ್ತದೆ. ಕೆಮ್ಮಣ್ಣು ಮಾತ್ರ ಹಾಗೇ ಇರುತ್ತದೆ. ಅದರ ಕೆಂಪು ಕಬ್ಬಿಣದ ತುಕ್ಕಿನದು, ಬಿಸಿಗೆ ಹೆದರೋದಿಲ್ಲ. ಇದನ್ನ ಅಕ್ಕನಿಗೆ ಹೇಳಿದಾಗ, "ಹಾಳಾದ್ರೆ ಮತ್ತೆ ಬರೆಯೋದು ತಂಗಿ, ಅದಕ್ಕೇ ಅಲ್ವಾ ಹಬ್ಬ ಬರೋದು" ಅಂದರು. ಅವರ ಮಾತು ನನಗೆ ಪೂರ್ತಿ ಒಪ್ಪಿಗೆ. ವರ್ಷ ವರ್ಷ ಕರೆಸಿ, ಮರ್ಯಾದೆಯಿಂದ ಕೂಲಿ ಕೊಟ್ಟು ಬರೆಸುವ ಮನಸ್ಸಿದ್ದವರು ಚಿತ್ತಾರ ಮಾಡಿಸಲಿ. ಅಚ್ಚು ಕತ್ತರಿಸಿ ಸುಮ್ನೆ ನಕಲು ಹೊಡೆಯೋದು ನನಗೆ ಸರಿ ಕಾಣೋದಿಲ್ಲ. ಅದು ಆ ಹೆಂಗಸರ ಕೈಯ ಅನ್ನ.

ಕಾವಿ ಕರಾವಳಿಯ ಕಲೆ, ಆದರೆ ಘಟ್ಟದ ಮೇಲೆ ನಮ್ಮ ಕಣ್ಣೆದುರೇ ಇದೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳ ಕೆಂಪು ಬಿಳಿ ಚಿತ್ರಗಳನ್ನು ನೋಡದವರು ಯಾರು? ಬಣ್ಣ ಎರಡೇ. ಮೊದಲು ಸುಣ್ಣದ ಗಾರೆ. ಹಿಂದೆಲ್ಲ ಚಿಪ್ಪಿ ಸುಟ್ಟ ಸುಣ್ಣ, ತೊಳೆದ ಮರಳು, ಬೆಲ್ಲದ ನೀರು ಸೇರಿಸಿ ಕುಟ್ಟಿ, ಕೊಳೆಯಲು ಬಿಡುತ್ತಿದ್ದರು. ಈ ಬಿಳಿ ಗಾರೆ ಹಸಿ ಇರುವಾಗಲೇ ಮೇಲೆ ಕೆಂಪು ಬಳಿದು, ತಿಕ್ಕಿ ನುಣುಪು ಮಾಡಿ, ಬೇಕಾದ ಕಡೆ ಕೆಂಪನ್ನು ಕೆರೆದು ತೆಗೆಯಬೇಕು. ಒಳಗಿನ ಬಿಳಿಯೇ ಚಿತ್ರವಾಗುತ್ತದೆ.

ನಮ್ಮಲ್ಲಿ ಹಲಗೆಯ ಮೇಲಿನ ಗೋಡೆಗೆ ಕಾವಿ ಮಾಡಿಸಿದೆವು. ಕುಮಟಾ ಕಡೆಯಿಂದ ಬಂದ ಗಾರೆ ಕೆಲಸದವರು ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದರು. ಗುರುತು ಬೀಳಬೇಕು, ಕೈಗೆ ಅಂಟಬಾರದು. ಆಗಷ್ಟೇ ಕೆರೆಯುವ ಹೊತ್ತು. ಬೇಗ ಕೈ ಹಾಕಿದರೆ ಅಂಚು ಕಲಸಿಹೋಗುತ್ತದೆ, ತಡವಾದರೆ ಉದುರುತ್ತದೆ. ಕೈವಾರದಲ್ಲಿ ವೃತ್ತ ಎಳೆದು ಎಂಟು ಎಸಳಿನ ಹೂವು, ಸುತ್ತ ಬಳ್ಳಿ. ಚಿರೇಕಲ್ಲಿನ ತೂತುಗಳಿಗೆ ಗಾರೆ ಚೆನ್ನಾಗಿ ಕಚ್ಚಿಕೊಂಡಿದೆ. ಸುಣ್ಣದ ಗೋಡೆ ತೇವವನ್ನು ಹೊರಗೆ ಬಿಡುವುದರಿಂದ ಮಳೆಗಾಲದಲ್ಲೂ ಎದ್ದಿಲ್ಲ. ನುಣುಪಾದ ಕೆಂಪಿನ ಮೇಲೆ ಮಸಿ ಕೂತರೆ ಒರೆಸಬಹುದು. ಕೆರೆದ ಬಿಳಿ ಜಾಗದಲ್ಲಿ ಮಸಿ ಹಿಡಿದುಕೊಳ್ಳುತ್ತದೆ, ಅಲ್ಲಿಗೆ ಒಣ ಬ್ರಷ್ಷೇ ಗತಿ. ಗೂಡಿನ ಬಾಯಿಗೆ ತೀರಾ ಹತ್ತಿರ ಮಾಡಿಸಿದ ತುಂಡಿನಲ್ಲಿ ಕೂದಲೆಳೆ ಬಿರುಕು ಬಂದಿದೆ. ಬೆಂಕಿ ಹಚ್ಚಿದಾಗ ಕಾಯುವುದು, ಆರಿದಾಗ ತಣಿಯುವುದು, ಅದಕ್ಕೇ ಇರಬೇಕು. ಖರ್ಚು ಮೂರರಲ್ಲಿ ಇದಕ್ಕೇ ಜಾಸ್ತಿ, ಕೆಲಸ ಬಲ್ಲವರು ಸಿಗೋದೂ ಕಷ್ಟ.

ಹಾಗಾದರೆ ನಾನೇನು ಇಟ್ಟುಕೊಂಡೆ? ಗೂಡಿನ ಬಾಯಿ ಸುತ್ತ ಬರೀ ಕೆಮ್ಮಣ್ಣು, ಅಂಚಿಗೆ ಶೇಡಿ ಅನ್ನುವ ಬಿಳಿ ಮಣ್ಣಿನ ಪಟ್ಟೆ. ಮಣ್ಣಿಗೆ ಬೆಂಕಿಯಿಂದ ಏನೂ ಆಗೋದಿಲ್ಲ, ಮಸಿಯಾದರೆ ಅರ್ಧ ಗಂಟೆಯಲ್ಲಿ ಮತ್ತೆ ಬಳಿಯಬಹುದು. ನೀರು ತುಂಬುವ ಹಬ್ಬಕ್ಕೆ ಬಚ್ಚಲ ಹಂಡೆಗೆ ಬಳಿಯುವಾಗ ಇದಕ್ಕೂ ಒಂದು ಕೈ. ಹಲಗೆಯ ಮೇಲಿನ ಗೋಡೆಗೆ ಕಾವಿಯೇ ಇರಲಿ, ಅಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಚಿತ್ತಾರವನ್ನು ಪಕ್ಕದ ಗೋಡೆಗೆ ಸರಿಸಿದ್ದೇನೆ. ಬೆಂಕಿಯ ಬೆಳಕು ಬೀಳುತ್ತದೆ, ಬಿಸಿ ತಟ್ಟೋದಿಲ್ಲ.

ಮುಂದಿನ ಕಟ್ಟೆಗೆ ಸಗಣಿ ಸಾರಿಸಿದ ನೆಲ ಚೆಂದ, ಆದರೆ ಕೆಂಡ ಸಿಡಿದ ಕಡೆಯೆಲ್ಲ ಕಪ್ಪು ಚುಕ್ಕೆ. ಬರೀ ಚಿರೇಕಲ್ಲೇ ಸಾಕು. ಹಲಗೆಯ ಮೇಲೆ ಹಳೇ ತಾಮ್ರದ ತಂಬಿಗೆ, ಕಂಚಿನ ದೀಪ ಇಟ್ಟಿದ್ದೇನೆ. ಭತ್ತದ ತೆನೆಯ ತೋರಣ ಎಷ್ಟೇ ಚೆನ್ನಾಗಿದ್ದರೂ ಗೂಡಿನ ಮೇಲೆ ಕಟ್ಟಬೇಡಿ. ಒಣ ತೆನೆಗೆ ಒಂದು ಕಿಡಿ ಸಾಕು. ನಮ್ಮದು ಬಾಗಿಲ ಮೇಲಿದೆ, ಇಲಿ ಏರದ ಹಾಗೆ ತಂತಿಗೆ ಕಟ್ಟಿದ್ದೇವೆ.

ಮಾಡಿಸುವವರು ಕಾಲ ನೋಡಿಕೊಳ್ಳಿ. ಸುಣ್ಣದ ಕೆಲಸ ಮಳೆ ಪೂರ್ತಿ ನಿಂತ ಮೇಲೆ, ದೀಪಾವಳಿಯಿಂದ ಸಂಕ್ರಾಂತಿಯ ಒಳಗೆ ಆದರೆ ಗಾರೆ ನಿಧಾನಕ್ಕೆ ಆರುತ್ತದೆ. ಬಿರುಬಿಸಿಲಿನ ದಿನಗಳಲ್ಲಿ ಬೇಗ ಒಣಗಿ ಕೆರೆಯಲು ಹೊತ್ತೇ ಸಿಗೋದಿಲ್ಲ. ಚಿತ್ತಾರ ಬರೆಯುವವರಿಗೆ ಭೂಮಿ ಹುಣ್ಣಿಮೆಗೆ ಮುಂಚೆ ಹೇಳಿಕಳಿಸಬೇಡಿ. ಆಗ ಅವರೆಲ್ಲ ಹಬ್ಬದ ದಿನ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾ ಕೂತಿರುತ್ತಾರೆ. ಹಬ್ಬ ಕಳೆದ ಮೇಲೆ ಕೇಳಿ, ಬಿಡುವು ಮಾಡಿಕೊಂಡು ಬರುತ್ತಾರೆ.