ಗೆರೆ ಎಣಿಸಿ ಓದುವ ಹೆಸರು: ಭಾಗ್ಯನಗರದ ಮಗ್ಗದ ಮನೆಯೊಂದರ ಶಾಲು

ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ ನೇಕಾರ ದಂಪತಿಗಳು ತಮ್ಮ ಮನೆಯ ಕುಣಿಮಗ್ಗದಲ್ಲಿ (ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕೈಮಗ್ಗ) ನಾವು ಹೇಳಿದ ಹೆಸರನ್ನು ಗೆರೆಗಳ ಲೆಕ್ಕವಾಗಿ ನೇಯ್ದು ಕೊಡುತ್ತಾರೆ. ಕಳೆದ ವರ್ಷ ನಮ್ಮ ಅಜ್ಜಿಗೆ ಎಂಬತ್ತು ತುಂಬಿದಾಗ ಅವರಲ್ಲಿ ಒಂದು ಹತ್ತಿಯ ಶಾಲು ನೇಯಿಸಿದೆ. ಅಜ್ಜಿಯ ಹೆಸರು ನೀಲಮ್ಮ.

ಲೆಕ್ಕ ನಮ್ಮ ವರ್ಣಮಾಲೆಯದೇ. ವರ್ಗೀಯ ವ್ಯಂಜನಗಳು 25. ಐದು ಸಾಲು, ಸಾಲಿಗೆ ಐದು ಅಕ್ಷರ. ಅಕ್ಷರ ಎಷ್ಟನೆಯ ಸಾಲಿನದೋ ಅಷ್ಟು ಕೆಂಪು ಗೆರೆ, ಆ ಸಾಲಿನಲ್ಲಿ ಎಷ್ಟನೆಯದೋ ಅಷ್ಟು ಬಿಳಿ ಗೆರೆ, ಅದರ ಸ್ವರ ಎಷ್ಟನೆಯದೋ ಅಷ್ಟು ಹಳದಿ ಗೆರೆ. ಯ, ರ, ಲ ಮೊದಲಾದ ಅವರ್ಗೀಯಗಳನ್ನೆಲ್ಲ ಆರನೆಯ ಸಾಲೆಂದು ಹಿಡಿಯುತ್ತಾರೆ. ಹೀಗಾಗಿ ‘ನೀ’ ಎಂದರೆ ನಾಲ್ಕು ಕೆಂಪು, ಐದು ಬಿಳಿ, ನಾಲ್ಕು ಹಳದಿ. ‘ಲ’ ಎಂದರೆ ಆರು, ಮೂರು, ಒಂದು. ಅಕ್ಷರವನ್ನು ಅಂಕಿಯಾಗಿ ಓದುವುದು ನಮಗೆ ಹೊಸತೇನಲ್ಲ: ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಪದ್ಧತಿಯಲ್ಲಿ, ಕರ್ನಾಟಕ ಸಂಗೀತದ ರಾಗವಾದ ಧೀರಶಂಕರಾಭರಣದ ‘ಧೀ’ ಒಂಬತ್ತು, ‘ರ’ ಎರಡು, ತಿರುಗಿಸಿ ಓದಿದರೆ ಅದು 29ನೆಯ ಮೇಳಕರ್ತ (ಮೂಲ) ರಾಗವೆಂದು ತಿಳಿಯುತ್ತದೆ.

ಹೆಸರನ್ನು ಅಕ್ಷರದ ಆಕಾರದಲ್ಲೇ ಏಕೆ ನೇಯಬಾರದೆಂದು ಕೇಳಿದೆ. ಅದಕ್ಕೆ ಮಗ್ಗದ ಮೇಲೆ ಕೂರಿಸುವ ಜಕಾರ್ಡ್ ಎಂಬ ಸಾಧನ ಬೇಕು ಎಂದರು. ಅಲ್ಲಿ ಒಂದೊಂದು ಹೊಕ್ಕಿಗೂ (ಅಡ್ಡ ಎಳೆಗೂ) ಒಂದೊಂದು ರಟ್ಟು, ರಟ್ಟಿನ ತೂತುಗಳೇ ಯಾವ ಹಾಸಿನ (ಉದ್ದದ) ಎಳೆ ಮೇಲೇಳಬೇಕೆಂದು ಹೇಳುತ್ತವೆ, ಆದ್ದರಿಂದ ಪ್ರತಿ ಹೊಸ ಹೆಸರಿಗೂ ಹೊಸದಾಗಿ ರಟ್ಟು ಹೊಡೆಸಬೇಕಾಗುತ್ತದೆ. ಅಡ್ಡಗೆರೆಗಳಿಗಾದರೆ ಬೇರೆ ಬೇರೆ ಬಣ್ಣದ ನೂಲು ತುಂಬಿದ ನಾಲ್ಕು ಲಾಳಿಗಳು ಸಾಕು.

ಆದರೆ ದುಡಿಮೆ ಕಡಿಮೆಯಲ್ಲ. ಲಾಳಿ ಒಮ್ಮೆ ಮಾತ್ರ ಹಾದರೆ ಆಚೆ ದಡದಲ್ಲೇ ಉಳಿದುಬಿಡುತ್ತದೆ. ಹೋಗಿ ಮರಳಿ ಬಂದರೆ ಮಾತ್ರ ಅದನ್ನು ಇಟ್ಟು ಮುಂದಿನ ಬಣ್ಣವನ್ನು ಎತ್ತಿಕೊಳ್ಳಬಹುದು. ಆದ್ದರಿಂದ ಪ್ರತಿ ಗೆರೆಗೂ ಎರಡೆಳೆ ಬಣ್ಣ, ಗೆರೆಗಳು ಒಂದಕ್ಕೊಂದು ಕೂಡಿ ಪಟ್ಟಿಯಾಗದಂತೆ ನಡುವೆ ಎರಡೆಳೆ ನೀಲಿ. ನೇಕಾರರ ಹೆಂಡತಿ ಗೆರೆಗಳ ಲೆಕ್ಕ ಬರೆದ ಚೀಟಿ ನೋಡಿ ಎಣಿಕೆ ಹೇಳುತ್ತಿದ್ದರು, ಗಂಡ ಲಾಳಿ ಬದಲಿಸುತ್ತಿದ್ದರು. ಒಟ್ಟು 44 ಗೆರೆಗಳ ಆ ಒಂದು ಹೆಸರು ನಾಲ್ಕೂವರೆ ಇಂಚಿನಷ್ಟು ಅಗಲಕ್ಕೆ ಬಂದಿತು. ನೇಯ್ಗೆ ಎಲ್ಲಿಯೂ ಸಡಿಲಾಗಿಲ್ಲ, ದಡಿ ನೆಟ್ಟಗಿದೆ.

ಎರಡು ಕೊರತೆಗಳನ್ನು ಹೇಳಲೇಬೇಕು. ಮೊದಲು ಬರೆದ ಚೀಟಿಯಲ್ಲಿ ಒತ್ತಕ್ಷರ ಬಿಟ್ಟುಹೋಗಿ ಹೆಸರು ‘ನೀಲಮ’ ಆಗಿತ್ತು. ನಾನು ಎಣಿಸಿ ತೋರಿಸಿದ ಮೇಲೆ, ನಡುವೆ ಹಳದಿ ಹಾಕದೆ ಐದು ಕೆಂಪು, ಐದು ಬಿಳಿಯನ್ನು ಎರಡು ಸಲ ನೇಯುವುದೆಂದು ಇಬ್ಬರೂ ಸೇರಿ ತೀರ್ಮಾನಿಸಿದರು; ಸ್ವರದ ಗೆರೆ ಇಲ್ಲದಿದ್ದರೆ ಒತ್ತು ಎಂಬ ಆ ಪರಿಹಾರ ನನಗೆ ಬಹಳ ಹಿಡಿಸಿತು. ಎರಡನೆಯದು ಇದಕ್ಕಿಂತ ದೊಡ್ಡದು. ಮೊದಲ ಒಗೆತದಲ್ಲಿ ಕೆಂಪು ಬಣ್ಣ ಬಿಟ್ಟು ಬಿಳಿ ಗೆರೆಗಳು ತಿಳಿಗುಲಾಬಿಯಾದವು. ಬೇರೆ ಬಟ್ಟೆಯಾಗಿದ್ದರೆ ಸಹಿಸಿಕೊಳ್ಳಬಹುದಿತ್ತು; ಇಲ್ಲಿ ಬಣ್ಣ ಕಲೆತರೆ ಹೆಸರೇ ಕಲೆತುಹೋಗುತ್ತದೆ, ದೀಪದ ಬೆಳಕಿನಲ್ಲಿ ಈಗ ಓದುವುದು ಕಷ್ಟ. ಬಣ್ಣ ಗಟ್ಟಿಯಾಗಿರುವ ನೂಲನ್ನೇ ಬಳಸಬೇಕೆಂದು ಅವರಿಗೆ ತಿಳಿಸಿದ್ದೇನೆ, ಒಪ್ಪಿಕೊಂಡಿದ್ದಾರೆ.

ಶಾಲಿಗೆ 1,400 ರೂಪಾಯಿ ಕೊಟ್ಟೆ, ನಾಲ್ಕು ವಾರ ಕಾದೆ. ಆ ಕೆಲಸಕ್ಕೆ ಈ ಬೆಲೆ ಹೆಚ್ಚೆನಿಸಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಮೊದಲ ದಿನವೇ ಅಂಗಳದ ಬಿಸಿಲಿಗೆ ಶಾಲು ಹಿಡಿದು, ಉಗುರಿನಿಂದ ಒಂದೊಂದೇ ಗೆರೆ ಮುಟ್ಟುತ್ತಾ ಎಣಿಸಿ, ತನ್ನ ಹೆಸರು ಎಲ್ಲಿ ಮುಗಿಯುತ್ತದೆಂದು ನನಗೆ ತೋರಿಸಿದಳು. ನೇಯಿಸುವವರು ಹೆಸರನ್ನು ಸ್ಪಷ್ಟವಾಗಿ ಬರೆದು ಕೊಡಿ, ಮಗ್ಗಕ್ಕೆ ಏರಿಸುವ ಮೊದಲು ಚೀಟಿಯನ್ನು ನೀವೇ ಎಣಿಸಿ ನೋಡಿ, ಶಾಲಿನೊಂದಿಗೆ ಆ ಚೀಟಿಯನ್ನೂ ಕೇಳಿ ಪಡೆಯಿರಿ.