ಬಯಲಾಟಕ್ಕೆ ಕ್ಯಾಮೆರಾ: ವೈರಿನದೋ, ಸಿಮ್ ಹಾಕುವುದೋ?

ಕಾಸರಗೋಡಿನ ಕುಂಬಳೆ, ಮಂಜೇಶ್ವರ ಕಡೆ ಬಯಲಾಟ ಇಟ್ಟುಕೊಂಡವರಿಗೆ, ಕಾವಲಿಗೆ ಯಾವ ಸಿಸಿಟಿವಿ ಕ್ಯಾಮೆರಾ ಎಂಬುದೇ ಈಗ ಪ್ರಶ್ನೆ.

ಒಂದೇ ರಾತ್ರಿಯ ಆಟಕ್ಕೆ ಸಿಮ್ ಕ್ಯಾಮೆರಾ ಸುಲಭ. ಕಂಬಕ್ಕೆ ಕಟ್ಟಿದರೆ ಆಯಿತು. ಆದರೆ ಜನ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ. ದೃಶ್ಯ ಕ್ಲೌಡ್‌ಗೆ ಹೋಗುವುದಾದರೆ, ಪಾಸ್‌ವರ್ಡ್ ಗೊತ್ತಿರುವ ಯಾರು ಬೇಕಾದರೂ ಮನೆಯಲ್ಲಿ ಕೂತು ನೋಡಬಹುದು. ನನಗೆ ಜಾಸ್ತಿ ಚಿಂತೆ ಇದೇ.

ಮೂರ್ನಾಲ್ಕು ದಿನದ ಜಾತ್ರೆಗೆ ನಾನು ವೈರಿನದ್ದನ್ನೇ ಹೇಳುತ್ತೇನೆ. ಕೇಬಲ್ ಎಳೆಯಬೇಕು, ಜನರೇಟರ್ ನಿಂತರೆ ಯುಪಿಎಸ್ ಬೇಕು, ನಿಜ. ಆದರೆ ರೆಕಾರ್ಡಿಂಗ್ ನಿಮ್ಮ ಪೆಟ್ಟಿಗೆಯಲ್ಲೇ ಇರುತ್ತದೆ, ಬೀಗ ಹಾಕಿಡಬಹುದು. ಸೆಕೆಂಡಿಗೆ 4 ಮೆಗಾಬಿಟ್‌ನಂತೆ 4 ಕ್ಯಾಮೆರಾ ಹಗಲೂ ರಾತ್ರಿ ಓಡಿದರೂ 1 ಟಿಬಿ ಡಿಸ್ಕ್‌ನಲ್ಲಿ 5 ದಿನಕ್ಕಿಂತ ಹೆಚ್ಚಿನದ್ದು ಹಿಡಿಸುತ್ತದೆ.

ಯಾವುದನ್ನೇ ತನ್ನಿ, ಗೇಟು, ಪಾರ್ಕಿಂಗ್, ಅಂಗಡಿ ಸಾಲು ಕಂಡರೆ ಸಾಕು. ಚೌಕಿಯತ್ತ, ಅಂದರೆ ವೇಷ ಕಟ್ಟುವ ಜಾಗದತ್ತ, ಬೇಡವೇ ಬೇಡ. ಅಲ್ಲಿ ಕಲಾವಿದರು ಕನ್ನಡಿ ಹಿಡಿದು ಬಣ್ಣ ಹಚ್ಚುತ್ತಾರೆ, ಬಟ್ಟೆ ಬದಲಿಸುತ್ತಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ, ಅಲ್ವಾ? ಗೇಟಿನಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ‘ಇಲ್ಲಿ ಕ್ಯಾಮೆರಾ ಇದೆ’ ಎಂದು ಬೋರ್ಡ್ ಹಾಕಿ. ಸುಮ್ನೆ ಒಂದು ತುಣುಕೂ ವಾಟ್ಸಾಪ್‌ಗೆ ಹೋಗಕೂಡದು. ದೂರು ಬಂದರೆ ಆ ಭಾಗ ಪೊಲೀಸರಿಗೆ ಕೊಡಿ, ಉಳಿದದ್ದನ್ನು ಅಳಿಸಿಬಿಡಿ.